ಒಬುರಾನ ರಬ್ಬರ್ ಕಟ್ಟು

ಬೊಂಡೊ ಪೇಟೆಯಲ್ಲಿ ಗಾಡಿಗೆ ಏನೇ ಕಟ್ಟಿ ಒಯ್ಯಬೇಕಿದ್ದರೂ ಜನ ಒಬುರಾನನ್ನೇ ಕೂಗುತ್ತಿದ್ದರು. ಸೋಫಾ, ಆಡು, ಸತ್ತವರ ಪೆಟ್ಟಿಗೆ, ಎಲ್ಲಕ್ಕೂ ಅವನದು ಒಂದೇ ಮದ್ದು: ಹಳೇ ಟ್ಯೂಬಿನಿಂದ ಸೀಳಿದ ರಬ್ಬರ್ ಪಟ್ಟಿ. ಮನುಷ್ಯ ಚಿನ್ನದಂಥವನು, ಕಟ್ಟಿನ ವಿಷಯಕ್ಕೆ ಬಂದರೆ ಮಾತ್ರ ದೇವರಿಗೂ ಬುದ್ಧಿ ಹೇಳುವವನು.

ಅಂಥವನಿಗೂ ಒಂದು ಕೊರಗಿತ್ತು. ಅಕೆಯೊಳನ್ನು ಕಟ್ಟಿಕೊಂಡು ಇಪ್ಪತ್ತಾರು ವರ್ಷವಾಗಿ, ಮಕ್ಕಳು ಎದೆಯುದ್ದ ಬೆಳೆದಿದ್ದರೂ ಅವಳ ಅಪ್ಪ ನ್ಯವಾಡೆ ಇವನನ್ನು ಒಮ್ಮೆಯೂ ಅಳಿಯ ಎಂದು ಕರೆದಿರಲಿಲ್ಲ. ಮದುವೆಗೆ ಹೆಣ್ಣಿನ ಅಪ್ಪನಿಗೆ ತೆರ ಎಂದು ದನ ಕೊಡದವನು ಎಲ್ಲಿಯ ಅಳಿಯ? ಈಗ ಮುದುಕನಿಗೆ ಮಂಡಿ ಹಿಡಿದಿತ್ತು. ದನ ಬೇಡ, ಮೋಟಾರ್ ಸೈಕಲ್ ತಾ, ಆದರೆ ಯಾರ ಕುಂಡೆಯೂ ಅದರ ಮೇಲೆ ಕೂತಿರಬಾರದು ಎಂದು ಹೇಳಿಕಳಿಸಿದ್ದ. ಹಾಗಾಗಿ ಓಡಿಸಿಕೊಂಡು ಹೋಗುವಂತಿಲ್ಲ. ಪಿಕಪ್ಪಿನ ಹಿಂದೆ ಟ್ರೇಲರ್ ಸಿಕ್ಕಿಸಿ ಒಯ್ಯಬೇಕು.

ಒಬುರಾ ಹೊಸ ಮೋಟಾರ್ ಸೈಕಲ್ ಕೊಂಡು, ಟ್ರೇಲರಿಗೆ ಹತ್ತಿಸಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ರಬ್ಬರ್ ಸುತ್ತಿದ. ದೋಣಿಯಲ್ಲೇ ಬೆಳೆದ ಅಕೆಯೊ ಹಗ್ಗ ಹಾಕೆಂದಳು. ಸ್ಪ್ರಿಂಗ್ ಇರುವ ಗಾಡಿಗೆ ರಬ್ಬರೂ ಸೇರಿದರೆ ಕುಣಿದೀತು ಎಂದಳು. ನನಗೇ ಕಟ್ಟು ಕಲಿಸಲು ಬಂದಳು ನೋಡು ಎಂದು ಅವನು ಗೊಣಗಿದ.

ಮಣ್ಣುರಸ್ತೆಯ ಮೂರನೇ ಗುಂಡಿಗೇ ಧಡಾರ್ ಎಂದಿತು. ಸ್ಟ್ಯಾಂಡ್ ಜಾರಿ ಗಾಡಿ ಮಗ್ಗುಲಾಗಿತ್ತು. ಟ್ಯಾಂಕಿನ ಮೇಲೆ ಗೇಣುದ್ದ ಗೀರು. ಒಬುರಾ ರಸ್ತೆ ಬದಿಯಲ್ಲಿ ತಲೆ ಹಿಡಿದು ಕೂತ. ಪಾಪ, ಅಷ್ಟು ದೊಡ್ಡ ಆಳಿನ ಕಣ್ಣಲ್ಲಿ ನೀರು.

“ಆದದ್ದು ಆಯ್ತಲ್ಲ ಮಹಾರಾಯ, ಅತ್ರೆ ಗೀರು ಹೋಗುತ್ತಾ? ಏಳು, ಹ್ಯಾಂಡಲ್ ಹಿಡ್ಕೊ,” ಎಂದಳು ಅಕೆಯೊ.

ತನ್ನ ಮೀನುಚೀಲದ ನೈಲಾನ್ ಹಗ್ಗ ಬಿಚ್ಚಿದಳು. ಸ್ಟ್ಯಾಂಡ್ ಎತ್ತಿಸಿ, ಮುಂದಿನ ಚಕ್ರವನ್ನು ಟ್ರೇಲರಿನ ಹಲಗೆಗೆ ಒತ್ತಿಸಿದಳು. ಅವನು ಮೈಭಾರ ಹಾಕಿ ಹ್ಯಾಂಡಲ್ ಅದುಮಿ ಸ್ಪ್ರಿಂಗ್ ಅರ್ಧ ಕುಗ್ಗಿಸಿದ; ಅವಳು ಎಡಬಲ ಎರಡು ಮೂಲೆಗೂ ಒಂದೇ ಸಮ ಎಳೆದು ಬಿಗಿದಳು. ಹಿಂದಿನ ಚಕ್ರಕ್ಕೂ ಹಾಗೇ. ಆಮೇಲೆ ಗಾಡಿ ಮಿಸುಕಲಿಲ್ಲ.

ಮಾವನ ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ನ್ಯವಾಡೆ ಕೋಲೂರಿಕೊಂಡು ಟ್ರೇಲರ್ ಸುತ್ತ ಬಂದ. ಗೀರಿನ ಮೇಲೆ ಬೆರಳಾಡಿಸಿದ. ಹಗ್ಗ ಜಗ್ಗಿ ನೋಡಿದ.

“ಈ ಗಂಟು ಯಾರದಯ್ಯಾ?”

ನನ್ನದು ಎಂದಿದ್ದರೆ ಇಡೀ ಬೊಂಡೊ ನಂಬುತ್ತಿತ್ತು.

“ನಿಮ್ಮ ಮಗಳದು.”

“ಮತ್ತೆ ಈ ಗೀರು?”

“ಅದು ನಂದು.”

ಮುದುಕ ಕೋಲಿನಿಂದ ಟ್ರೇಲರಿನ ಹಲಗೆ ತಟ್ಟಿದ.

“ದೋಣೀಲಿ ಅವಳಿಗೆ ಈ ಗಂಟು ಕಲಿಸಿದ್ದೇ ನಾನು. ಸುಳ್ಳು ಹೇಳಿದ್ರೆ ಹಂಗೇ ವಾಪಸ್ ಕಳಿಸ್ತಿದ್ದೆ. ಇಳಿಸು ಅಳಿಯಾ, ಹತ್ತಿ ನೋಡ್ತೀನಿ.”

ಅಳಿಯಾ ಎಂದದ್ದು ಕಿವಿಗೆ ಬಿದ್ದದ್ದೇ ಒಬುರಾ ಎಷ್ಟು ಆತುರದಿಂದ ಹಗ್ಗ ಜಗ್ಗಿದನೆಂದರೆ ಗಂಟುಗಳು ಇನ್ನೂ ಬಿಗಿದು, ಅವನ್ನು ಅಕೆಯೊ ತಾನೇ ಬಿಚ್ಚಬೇಕಾಯಿತು.