ಬಂಗಲೆಯಲ್ಲಿ ಹಾಡುತ್ತಿದ್ದವಳು

ನೀರು ಚಿಮುಕಿಸಿದ ಲಾವಂಚದ ತಟ್ಟಿಯ ವಾಸನೆ ಎಲ್ಲಿ ಬಂದರೂ ಸರಿ, ನಾನು ನಾಗಪುರದ ಬೇಸಿಗೆಯ ಮಧ್ಯಾಹ್ನದೊಳಗೆ ಹೋಗಿ ನಿಂತಿರುತ್ತೇನೆ. ಐವತ್ತರ ದಶಕದ ಮಾತು. ಅಪ್ಪನಿಗೆ ತಂತಿ ಕಚೇರಿಯಲ್ಲಿ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ನಾವು ಸಿವಿಲ್ ಲೈನ್ಸಿನ ಅಂಚಿನ ಒಂದು ಸಾಲುಮನೆಯಲ್ಲಿದ್ದೆವು. ಅಪ್ಪ, ಅವ್ವ, ಅಪ್ಪನ ತಾಯಿ, ನಾನು, ಕೈಗೂಸಾಗಿದ್ದ ತಮ್ಮ. ಅಲ್ಲಿನ ಬಿಸಿಲನ್ನು ಕಂಡವರಿಗೆ ಹೇಳಬೇಕಿಲ್ಲ. ಊಟವಾದ ಮೇಲೆ ಬೀದಿಯಲ್ಲಿ ನಾಯಿ ಕೂಡ ಇರುತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲೇ ತಮ್ಮ ಜ್ವರ ಬಂದು ತೀರಿಕೊಂಡ. ಅಪ್ಪ ಅವನನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ, ಬರಿಗೈಯಲ್ಲಿ ಬಂದು, ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವ್ವನಿಗೆ ಅಜ್ಜಿ ಹೇಳಿದ್ದು ಇಷ್ಟೇ: "ಅಳಬ್ಯಾಡ. ಹೋದ ಕೂಸಿಗೆ ಕಣ್ಣೀರು ಭಾರ ಆಗತಾವ." ಅವ್ವ ಅಳಲಿಲ್ಲ. ಅವಳಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಮನೆಯಲ್ಲೂ ಮಾತು ಕಡಿಮೆಯಾಯಿತು.

ಸಾಲಿನ ಹಿಂದೆ, ಒಣಗಿದ ನಾಲೆಯಾಚೆ, ಹುಣಸೆಮರಗಳ ನಡುವೆ ಒಂದು ಹಾಳು ಬಂಗಲೆ ಇತ್ತು. ಯಾರೋ ಇಂಗ್ಲಿಷ್ ಸಾಹೇಬನದಂತೆ. ಅವನ ಹೆಂಡತಿ ಅಲ್ಲೇ ಕಾಯಿಲೆಯಾಗಿ ಸತ್ತಳಂತೆ. ಪಕ್ಕದ ಮನೆಯ ಮರಾಠಿ ಕಾಕೂ ನಮ್ಮನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಆ ಕತೆ ಹೇಳುತ್ತಿದ್ದಳು. ಮೊದಲೆಲ್ಲ ಬಾಗಿಲು ಬಡಿದುಕೊಳ್ಳುವ ಸದ್ದಷ್ಟೇ ಇತ್ತಂತೆ. ಈಚೆಗೆ ನಡುಮಧ್ಯಾಹ್ನದಲ್ಲಿ ಮೇಮ್‌ಸಾಹೇಬ್ ಇಂಗ್ಲಿಷಿನಲ್ಲಿ ಹಾಡುತ್ತಾಳಂತೆ. ಹಾಲಿನವನು ಕೇಳಿಸಿಕೊಂಡು ಸೈಕಲ್ ಬಿಟ್ಟು ಓಡಿದ್ದನಂತೆ. ನಾವು ಮಕ್ಕಳು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಯಾರಿ ಎದ್ದರೆ ಅವ್ವ ಇರಲಿಲ್ಲ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಿತ್ತಲಿಗೆ ಬಂದೆ. ನಾಲೆಯಾಚೆ ಹುಣಸೆಮರದ ಹಿಂದೆ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು ಮರೆಯಾಗುತ್ತಿತ್ತು. ಭೂತ ಅವಳನ್ನು ಕರೆದುಕೊಂಡು ಹೋಯಿತೆಂದೇ ತಿಳಿದೆ. ಬರಿಗಾಲಲ್ಲಿ ಹಿಂದೆ ಓಡಿದೆ. ಬಂಗಲೆಯ ಮೆಟ್ಟಿಲ ಹತ್ತಿರ ಹೋಗುವಾಗ ಒಳಗಿನಿಂದ ಹಾಡು ಕೇಳಿಸಿತು. ಅಲ್ಲೇ ಕೂತುಬಿಟ್ಟೆ. ಕೂತಲ್ಲಿಗೆ ಹಾಡಿನ ಮಾತುಗಳು ಒಂದೊಂದಾಗಿ ತಿಳಿಯತೊಡಗಿದವು. ಅದು ಇಂಗ್ಲಿಷ್ ಅಲ್ಲ, ನಮ್ಮ ಕನ್ನಡ. ತಮ್ಮನನ್ನು ಮಲಗಿಸುವಾಗ ಅವ್ವ ತಾನೇ ಕಟ್ಟಿ ಹಾಡುತ್ತಿದ್ದ ಜೋಗುಳ.

ಛಾವಣಿ ಬಿದ್ದ ಕೋಣೆಯ ಮೂಲೆಯಲ್ಲಿ ಅವಳು ಕಾಲು ಚಾಚಿ ಕೂತು ಬರಿದು ಮಡಿಲನ್ನು ಅಲುಗಿಸುತ್ತಿದ್ದಳು. ಹಾಡು ನಡುನಡುವೆ ಅಳುವಾಗುತ್ತಿತ್ತು. ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಂಥಾ ಬಿಸಲಾಗ ಯಾಕ ಬಂದಿ? ಕಾಲು ಸುಡಲಿಲ್ಲೇನು?"

"ನಿನಗ ಭೂತದ ಅಂಜಿಕಿ ಇಲ್ಲೇನವ್ವಾ?"

"ಮಂದಿ ಅಂಜತಾರ, ಅದಕ್ಕ ಇಲ್ಲಿ ಯಾರೂ ಬರಂಗಿಲ್ಲ. ನನಗ ಅಷ್ಟ ಬೇಕಾಗಿತ್ತು."

ಎತ್ತಿಕೊಳ್ಳುವ ವಯಸ್ಸು ನನಗೆ ದಾಟಿತ್ತು. ಆದರೂ ಅವಳು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ತಂದಳು. ಯಾರಿಗೂ ಹೇಳಬೇಡವೆಂದು ಅವಳು ಹೇಳಲಿಲ್ಲ, ನಾನಾಗಿ ಯಾರಿಗೂ ಹೇಳಲೂ ಇಲ್ಲ. ಕಾಕೂ ಮತ್ತೆ ಮೇಮ್‌ಸಾಹೇಬಳ ಕತೆ ತೆಗೆದಾಗ ಎಲ್ಲರಂತೆ ನಾನೂ ಹೆದರಿದವಳ ಹಾಗೆ ಕೂತಿರುತ್ತಿದ್ದೆ. ಮಧ್ಯಾಹ್ನ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಹಿತ್ತಲ ಚಿಲಕ ಸರಿದ ಸದ್ದಿನಿಂದ ಅದು ಮತ್ತೆ ಸರಿಯುವವರೆಗೆ, ನೀವೂ ಎಂದಾದರೂ ಹಾಗೆ ಕಾದಿದ್ದರೆ ಬಲ್ಲಿರಿ, ಮನೆಯಲ್ಲಿ ಯಾರೂ ಇಲ್ಲವೇನೋ ಎನ್ನಿಸುತ್ತಿತ್ತು.

ಮಳೆಗಾಲ ಕಳೆದ ಮೇಲೆ ಬಂಗಲೆಯನ್ನು ಕೆಡವಿದರು. ಇಟ್ಟಿಗೆಗಳನ್ನು ಲಾರಿಗೆ ತುಂಬುವುದನ್ನು ಅವ್ವ ಮೊರ ಹಿಡಿದು ಹಿತ್ತಲಲ್ಲಿ ನಿಂತು ನೋಡಿದಳು. ಪೀಡೆ ತೊಲಗಿತೆಂದು ಕಾಕೂ ಮನೆಮನೆಗೆ ಪೇಢೆ ಹಂಚಿದಳು. ಮರುದಿನ ಊಟವಾದ ಮೇಲೆ ಅವ್ವ ರೂಢಿಯಂತೆ ಎದ್ದು ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತಳು. ಆಗ, ಮಲಗಿದ್ದಾಳೆಂದು ನಾವಿಬ್ಬರೂ ತಿಳಿದಿದ್ದ ಅಜ್ಜಿ, ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಇನ್ನ ಎಲ್ಲಿ ಹೋಗತಿ ತಂಗಿ? ಬಾ, ಇಲ್ಲೇ ಅಳು."

ಅಜ್ಜಿ ಎದ್ದು ಕೂತಳು.

"ನನ್ನವೂ ಎರಡು ಹೋಗ್ಯಾವ. ನಮ್ಮತ್ತಿ ನನಗೂ ಅಳಾಕ ಬಿಡಲಿಲ್ಲ. ಅಕಿ ಹೇಳಿದ್ದನ್ನ ನಾ ನಿನಗ ಹೇಳಿದೆ."

ಅವ್ವ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಇಬ್ಬರೂ ಅತ್ತರು, ಸದ್ದು ಮಾಡಿಯೇ ಅತ್ತರು. ಕಾಕೂ ಗಾಬರಿಯಾಗಿ ಬಾಗಿಲಿಗೆ ಬಂದಳು. ನನ್ನ ತಲೆ ಸವರಿ ಹೋದಳು.

ಮುಂದೆ ಒಂದೆರಡು ವರ್ಷಕ್ಕೆ ಅಪ್ಪನಿಗೆ ಮರಳಿ ಹುಬ್ಬಳ್ಳಿಗೆ ವರ್ಗವಾಯಿತು. ಊರಿಗೆ ಹೋಗುತ್ತೇವೆಂದು ಅಜ್ಜಿ ಹಾಸಿಗೆ ಸುತ್ತುವಾಗಲೇ ನಗುತ್ತಿದ್ದಳು. ರೈಲು ಹೊರಟಾಗ ಅಪ್ಪ ಅವ್ವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ. ಅವಳು ಬೇಡವೆಂದು ನಡುವೆ ಕೂತು, ಕಣ್ಣು ಮುಚ್ಚಿ, ಬಹಳ ದೂರದವರೆಗೆ ತೆರೆಯಲಿಲ್ಲ. ಈಗ ಅವರಾರೂ ಇಲ್ಲ. ನಾಗಪುರದಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.