ಹಿಂದಿನ ಡಬ್ಬಿಯ ಬ್ರೇಕಿನವಳು

ಆಳಂದದ ಮುಸಾಫರ್ ಬಂಗಲೆಯ ಅಂಗಳದಲ್ಲಿ ಆ ದಿನ ನಾವೆಲ್ಲ ಇದ್ದೆವು. ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತ ಮೋಟಾರು ತಪಾಸಣೆಯ ಸಾಹೇಬರು, ಅವರ ಪಕ್ಕದಲ್ಲಿ ನಿಂತ ಗುಮಾಸ್ತ, ನಮ್ಮ ತಂಬೂ ಸಿನೆಮಾದ ಮಾಲಕರು, ತಾವು ಓಡಿಸುವ ಲಾರಿಗೆ ಬೆನ್ನು ಕೊಟ್ಟು ನಿಂತ ನನ್ನ ಮನೆಯವರು, ಎಲೆ ಅಡಿಕೆಯ ಚೀಲ ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತ ನಮ್ಮ ಅತ್ತೆ, ಮತ್ತೆ ನಾನು. ಲಾರಿಯ ಬೆನ್ನಿಗೆ ಕೊಂಡಿ ಹಾಕಿ ನಿಲ್ಲಿಸಿದ್ದು ನಮ್ಮ ಡಬ್ಬಿ.

ಡಬ್ಬಿ ಅಂದರೆ ಗಾಲಿ ಇದ್ದ ಒಂದು ಪುಟ್ಟ ಮನೆ. ಸೊಲ್ಲಾಪುರದ ಕಡೆ ಯಾರೋ ಬಿಳಿ ದೊರೆ ಬೇಟೆಗೆ ಹೋದಾಗ ಮಲಗಲಿಕ್ಕೆ ಮಾಡಿಸಿದ್ದಂತೆ. ಅವನು ತನ್ನ ದೇಶಕ್ಕೆ ಹೋಗುವಾಗ ಮಾರಿದ, ನಮ್ಮ ಮಾಲಕರು ಕೊಂಡರು. ಒಳಗೆ ಒಂದು ಹಲಗೆಯ ಮಂಚ, ಗೋಡೆಗೆ ಗೂಡು, ಎರಡು ಕಿಟಕಿ. ಮೂಲೆಯಲ್ಲಿ ನಾನೊಂದು ಒಲೆ ಇಟ್ಟುಕೊಂಡಿದ್ದೆ. ಸಿನೆಮಾದ ಮಂದಿಗೆಲ್ಲ ನಾನೇ ರೊಟ್ಟಿ ಬಡಿದು ಹಾಕುವುದು, ಅದಕ್ಕೆ ಬದಲು ನಾನು ನನ್ನ ಗಂಡನ ಜೊತೆ ಊರೂರು ತಿರುಗುವುದು, ಹೀಗೆಂದು ಮಾಲಕರು ಒಪ್ಪಿದ್ದರು. ಮದುವೆಯಾದ ಮೇಲೆ ನಾವಿಬ್ಬರೂ ಒಂದು ಊರಲ್ಲಿ ನೆಟ್ಟಗೆ ಇದ್ದದ್ದೇ ಇಲ್ಲ. ಅವರು ಲಾರಿಯ ಮೇಲೆ, ನಾನು ಖಜೂರಿಯ ತವರಿನಲ್ಲಿ ಇಲ್ಲವೇ ಆಳಂದದ ಅತ್ತೆಯ ಮನೆಯಲ್ಲಿ. ಡಬ್ಬಿ ಬಂತು ಅಂದಾಗ ನನಗೆ ಮನೆಯೇ ಬಂದಂತಾಗಿತ್ತು.

ಆದರೆ ಕಾಯ್ದೆ ಅಡ್ಡ ಬಂತು. ಬರಿ ಲಾರಿ ಓಡಿಸುವ ಲೈಸೆನ್ಸ್ ಇದ್ದರೆ ಸಾಲದು, ಹಿಂದೆ ಡಬ್ಬಿ ಎಳೆಯಲಿಕ್ಕೆ ಬೇರೆ ಪರವಾನಗಿ ಬೇಕು. ಡಬ್ಬಿಗೆ ತನ್ನದೇ ಬ್ರೇಕು ಇರಬೇಕು. ಆ ಬ್ರೇಕು ಹಿಡಿಯಲು ಬಲ್ಲ ಒಬ್ಬರು ಡಬ್ಬಿಯಲ್ಲೇ ಕೂತಿರಬೇಕು. ಲಾರಿ ಓಡುವಾಗ ಅವರ ಹೊರತು ಇನ್ನೊಬ್ಬರು ಡಬ್ಬಿಯಲ್ಲಿ ಇರಕೂಡದು. ಲಾರಿಯ ಮುಂದೆ ಕೂರಲು ಮಾಲಕರಿಗೆ ಮತ್ತು ಸಿನೆಮಾ ಯಂತ್ರದವನಿಗೆ ಮಾತ್ರ ಜಾಗ. ಅಂದರೆ ನೋಡಿ, ನಾನು ಬ್ರೇಕಿನವಳಾದರೆ ಗಂಡನ ಜೊತೆ ಹೋಗುತ್ತೇನೆ, ಆಗದಿದ್ದರೆ ಮತ್ತೆ ಖಜೂರಿ.

"ಕಾಯ್ದಾ ಅಂದ್ರ ಅತ್ತಿ ಇದ್ದಂಗ್ರಿ ಸಾಹೇಬ್ರ, ನಿಂತರೂ ತಪ್ಪು, ಕುಂತರೂ ತಪ್ಪು" ಎಂದರು ಮಾಲಕರು.

ನಮ್ಮ ಅತ್ತೆ ಕೂತಲ್ಲಿಂದಲೇ ತಿರುಗಿದರು. "ಅತ್ತಿ ಮನಿ ತುಪ್ಪಾ ತಿಂದು ಹೊಟ್ಟಿ ಬೆಳಸೀದಿ, ಈಗ ಅತ್ತೀನ ಬೈತಿಯೇನಲೇ?"

ಸಾಹೇಬರು ನಕ್ಕರು. ಕೆಟ್ಟವರಲ್ಲ, ಆದರೆ ಹಿಡಿದದ್ದು ಬಿಡುವವರಲ್ಲ. ಹೆಣ್ಣುಮಗಳು ಬ್ರೇಕು ಹಿಡಿಯಬಾರದು ಅಂತ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ, ಹಿಡಿಯಲಿಕ್ಕೆ ಬರುತ್ತದೆ ಅಂತ ತೋರಿಸಲಿ, ಎಂದರು.

ನನಗೆ ಬರುತ್ತಿತ್ತು. ನನ್ನ ಮನೆಯವರೇ ಕಲಿಸಿದ್ದರು. ಡಬ್ಬಿಯ ಹಿಂಬಾಗಿಲಿನ ಹತ್ತಿರ ಒಂದು ಸ್ಟೂಲು, ಅದರ ಪಕ್ಕದಲ್ಲಿ ಕಬ್ಬಿಣದ ಹಿಡಿಕೆ. ಲಾರಿಯ ಮುಂದೆ ಒಂದು ಗಂಟೆ, ನನ್ನ ಹತ್ತಿರ ಒಂದು ಗಂಟೆ, ನಡುವೆ ಹಗ್ಗಗಳು. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು. ಬಂಗಲೆಯ ಆಚೆ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಲಾರಿ ಇಳಿಯಿತು, ಗಂಟೆ ಬಡಿಯಿತು, ನಾನು ಹಿಡಿಕೆ ಎಳೆದೆ, ಡಬ್ಬಿ ನಿಂತಿತು.

ಸಾಹೇಬರು ಹತ್ತಿರ ಬಂದು ಹಗ್ಗವನ್ನು ಬಿಚ್ಚಿ ಕೆಳಗೆ ಒಗೆದರು.

"ಹಗ್ಗ ಹರೀತು ಅಂತ ತಿಳ್ಕೊ ಅಮ್ಮಾ. ಹಿಂದಿನ ಗಾಲಿ ಕಳಚಾಕತ್ತದ. ನೀ ಡ್ರೈವರಗ ಹೆಂಗ ಹೇಳ್ತಿ?"

"ಒದರತೇನ್ರಿ."

"ಒದರು ನೋಡೂಣು."

ಲಾರಿ ಮತ್ತೆ ಇಳಿಯತೊಡಗಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಗಂಟಲು ಹರಿಯುವಂತೆ ಕೂಗಿದೆ: "ಏನ್ರೀ! ಏನ್ರೀ!"

ಗುಮಾಸ್ತ ತಿರುಗಿ ನೋಡಿದ. ಮಾಲಕರು ತಿರುಗಿ ನೋಡಿದರು. ಹಳ್ಳದಲ್ಲಿ ಎಮ್ಮೆ ತೊಳೆಯುತ್ತಿದ್ದ ಗೌಡರೊಬ್ಬರು ಎದ್ದು ನಿಂತರು. ಸಾಹೇಬರೇ ಒಂದು ಹೆಜ್ಜೆ ಮುಂದೆ ಬಂದರು. ತಿರುಗದೆ ಇದ್ದವರು ನನ್ನ ಮನೆಯವರೊಬ್ಬರೇ. ಲಾರಿ ನೆಟ್ಟಗೆ ಹೋಗಿ ಹಳ್ಳದ ಉಸುಕಿನಲ್ಲಿ ಮೂಗು ಊರಿತು.

"ನಿನ್ನ 'ಏನ್ರೀ'ಗಿ ನಾನೂ ಓ ಅಂದೆನಲ್ಲಬೇ" ಎಂದರು ಸಾಹೇಬರು. "ಸಂತ್ಯಾಗ ನೀ ಹಿಂಗ ಒದರಿದ್ರ ಊರಾನ ಗಂಡಸರೆಲ್ಲ ನಿಂದರ್ತಾರ, ನಿನ್ನ ಲಾರಿ ಒಂದು ಬಿಟ್ಟು. ಡ್ರೈವರನ ಹೆಸರು ತಗೊಂಡು ಒದರಬೇಕು."

ಗಂಡನ ಹೆಸರನ್ನು ಹೆಂಡತಿ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಾವು ಹಾಲಿನ ಜೊತೆ ಕುಡಿದು ಬೆಳೆದವರು. ಮಾವನ ಹೆಸರಿನ ಮೊದಲ ಅಕ್ಷರ ಬರುವ ಮಾತನ್ನೂ ನಮ್ಮ ಅತ್ತೆ ತಮ್ಮ ಕಾಲದಲ್ಲಿ ಬಿಟ್ಟಿದ್ದರಂತೆ, ಬೆಲ್ಲಕ್ಕೆ ಸಿಹಿ ಅನ್ನುತ್ತಿದ್ದರಂತೆ. ಹೆಸರು ಹೇಳಲೇಬೇಕಾದರೆ ಒಂದೇ ದಾರಿ, ಒಡಪು. ಹಾಡಿನಂಥ ಎರಡು ಸಾಲು ಕಟ್ಟಿ ಅದರ ಮಡಿಲಲ್ಲಿ ಹೆಸರು ಇಟ್ಟುಬಿಡುವುದು. ನನ್ನ ಮದುವೆಯಲ್ಲಿ, ಬೇರೆಯವರ ಸೀಮಂತದ ಕುಪ್ಪಸದಲ್ಲಿ ನಾನೂ ಹೇಳಿದವಳೇ. ಅತ್ತೆಯ ಮುಖ ನೋಡಿದೆ. ಅವರು ಹ್ಞೂಂ ಎಂಬಂತೆ ಕಣ್ಣು ಮುಚ್ಚಿ ತೆಗೆದರು. ನಾನು ಸೆರಗು ಹೊದ್ದುಕೊಂಡು ಹೇಳಿದೆ:

"ತೊಗರಿಯ ಹೊಲದಾಗ ಹಳದೀಯ ಹೂವ,
ತವರೀನ ಮನಿಯಾಗ ಹಡದವ್ವನ ಜೀವ,
ಲಾರೀಯ ಮುಂದ ಕುಂತಾರ..."

ಅಲ್ಲಿ ಹೆಸರು ಹೇಳಿದೆ. ಮಾಲಕರು "ವಾಹ್" ಎಂದರು. ಗುಮಾಸ್ತ ಇನ್ನೊಂದು ಹೇಳು ಎಂದ. ಸಾಹೇಬರು ಮಾತ್ರ ತಲೆ ಅಲ್ಲಾಡಿಸಿದರು.

"ಭಾಳ ಛಂದ ಅದ ಅಮ್ಮಾ. ಆದ್ರ ನಿನ್ನ ತೊಗರಿ ಹೂ ಬಿಟ್ಟು, ನಿಮ್ಮವ್ವ ನೆನಪಾಗಿ, ಹೆಸರು ಬರೂದ್ರಾಗ ಲಾರಿ ಭೀಮಾ ನದ್ಯಾಗ ಇರ್ತದ. ಬರೇ ಹೆಸರು ಬೇಕು. ಆಗಲಿಲ್ಲಂದ್ರ ಬ್ಯಾರೆ ಆಳು ನೋಡ್ರಿ."

ನಾಲ್ಕು ಮಂದಿ ಸೇರಿ ಲಾರಿಯನ್ನು ಉಸುಕಿನಿಂದ ತಳ್ಳಿ ಬಿಡಿಸಿದರು. ನನ್ನ ಮನೆಯವರು ಕೈಯೊರೆಸಿಕೊಳ್ಳುತ್ತ ನನ್ನ ಕಡೆ ಬಂದು, ನೆಲ ನೋಡುತ್ತಲೇ ಅಂದರು: "ಬ್ಯಾಡಂದ್ರ ಬಿಡು. ಖಜೂರಿಗಿ ನಾನ ಬಿಟ್ಟು ಬರ್ತೇನಿ."

ಬಿಟ್ಟು ಬರುವ ಮಾತು ಅವರ ಬಾಯಿಂದ ಬಂದದ್ದೇ, ನಾನು ಡಬ್ಬಿ ಹತ್ತಿದೆ. ಲಾರಿ ಇಳಿಯಿತು. ಕೂಗಿದೆ. ಬರಿಯ ಹೆಸರು. ಹೆಸರಿನ ಹಿಂದೆ 'ರಾಯರು' ಇಲ್ಲ, ಮುಂದೆ ಒಡಪಿನ ಹೂವಿಲ್ಲ. ಲಾರಿ ಗಕ್ಕನೆ ನಿಂತಿತು. ಎಷ್ಟು ಹೊತ್ತಾದರೂ ಅವರು ಕೆಳಗಿಳಿಯಲಿಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ. ಕುತ್ತಿಗೆಯ ಹಿಂಭಾಗ ಕೆಂಪಗಾಗಿದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ಪರವಾನಗಿಯಾಯಿತು. ಮನೆಗೆ ನಡೆದು ಬರುವಾಗ ಅತ್ತೆ, "ಒಂದ್ ಸರ್ತಿ ಒದರೀದಿ, ದೇವ್ರು ಕೇಳಸ್ಕೊಂಡಿಲ್ಲ ಅಂತ ತಿಳ್ಕೊಂತೇನಿ. ಇನ್ನೊಮ್ಮಿ ಒದರಬ್ಯಾಡ. ಹೋಗು, ಗಂಡನ ಕೂಡ ಇರು" ಎಂದು ತಮ್ಮ ಚೀಲದಿಂದ ಎಲೆ ಮಡಚಿ ಕೊಟ್ಟರು.

ಹೀಗೆ ನಾನು ಗಂಡನ ಕೂಡ ಇರಲಿಕ್ಕೆ ಹೋದೆ. ಆಳಂದದಿಂದ ಅಫಜಲಪುರ, ಅಲ್ಲಿಂದ ಹೊಳೆ ದಾಟಿ ಜೇವರ್ಗಿ, ಮತ್ತೆ ಅದೇ ದಾರಿ. ಕೂಡ ಅಂದೆ, ಹೇಗೆ ಅನ್ನುವುದನ್ನೂ ಹೇಳಬೇಕು. ಅವರು ಮುಂದೆ, ಮುಂದೆ ನೋಡುತ್ತ. ನಾನು ಹಿಂದೆ, ಹಿಂದೆ ನೋಡುತ್ತ. ಎಲ್ಲರೂ ಊರು ಹತ್ತಿರ ಬರುವುದನ್ನು ನೋಡುತ್ತಾರೆ. ನಾನು ನೋಡಿದ್ದೆಲ್ಲ ಊರು ಬಿಟ್ಟುಹೋಗುವುದನ್ನು. ತೊಗರಿ ಹೊಲ, ಜೋಳದ ಹೊಲ, ಕೈಬೀಸುವ ಮಕ್ಕಳು, ಎಲ್ಲವೂ ಸಣ್ಣಗಾಗಿ ಧೂಳಿನಲ್ಲಿ ಕರಗುವುದನ್ನು. ಕಣ್ಣಿನ ರೆಪ್ಪೆಯ ಮೇಲೆ ಕರಿಮಣ್ಣು ಹಿಟ್ಟಿನಂತೆ ಕೂರುತ್ತಿತ್ತು. ಮಾತಾಡಲು ಯಾರೂ ಇರಲಿಲ್ಲ. ಕಾಯ್ದೆಯೇ ಹಾಗಿತ್ತು, ಇನ್ನೊಬ್ಬರು ಇರಕೂಡದು. ನಾನು ಬ್ರೇಕಿನ ಹಿಡಿಕೆಯ ಜೊತೆ ಮಾತಾಡುತ್ತಿದ್ದೆ, ಅದಕ್ಕೆ ಎಣ್ಣೆ ಹಚ್ಚುವಾಗ ಸೊಸೆಯ ತಲೆ ಬಾಚುವ ಅತ್ತೆಯಂತೆ ಬೈಯುತ್ತಿದ್ದೆ.

ಊರು ಮುಟ್ಟಿದ ಮೇಲಾದರೂ ಸಿಗುತ್ತಾರೆಯೇ? ತಂಬೂ ಕಟ್ಟಿಸುವುದು ಅವರದೇ ಕೆಲಸ, ಇಂಜಿನು ಹಚ್ಚುವುದು ಅವರದೇ ಕೆಲಸ, ಆಟ ಮುಗಿದ ಮೇಲೆ ಯಂತ್ರ ಕಾಯುತ್ತ ತಂಬೂದಲ್ಲೇ ಮಲಗುವುದೂ ಅವರದೇ. ನಾನು ರೊಟ್ಟಿ ಬಡಿದು ಸಾಲಾಗಿ ಕೂತ ಗಂಡಸರಿಗೆ ಬಡಿಸುವಾಗ ಅವರ ತಾಟಿಗೂ ಹಾಕುತ್ತಿದ್ದೆ, ಅಷ್ಟೇ ನಮ್ಮ ಸಂಸಾರ.

ಇನ್ನು ಹೆಣ್ಣುಮಕ್ಕಳು. ನನ್ನ ಸುದ್ದಿ ಲಾರಿಗಿಂತ ಮೊದಲು ಊರು ಮುಟ್ಟುತ್ತಿತ್ತು. ಅಫಜಲಪುರದ ಬಾವಿಯಲ್ಲಿ ನಾನು ಕೊಡ ಇಳಿಸಿದರೆ ಉಳಿದವರು ಹಗ್ಗ ಸೇದುವುದು ನಿಲ್ಲಿಸುತ್ತಿದ್ದರು.

"ಗಂಡನ ಹೆಸರು ಒದರಿ ಲೈಸನ್ಸ್ ತಗೊಂಡಾಕಿ ಈಕೀನ ನೋಡಬೇ."

"ಎಲ್ಲಿ, ನಮ್ಮ ಮುಂದೂ ಒಮ್ಮಿ ಒದರು, ನಾವೂ ಕೇಳ್ತೇವಿ."

"ಬ್ಯಾಡ ಬಿಡಽ ಯವ್ವಾ, ನಮ್ಮ ಗಂಡಂದ್ರು ನಿಂತಗಿಂತಾರು!"

ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನೀರು ತುಂಬಿದ ಮೇಲೆ ಅವರೆಲ್ಲ ಒಂದು ದಾರಿ ಹಿಡಿದು ಹೋಗುತ್ತಿದ್ದರು, ನಾನು ಒಬ್ಬಳೇ ಡಬ್ಬಿಗೆ ಬರುತ್ತಿದ್ದೆ.

ಒಂದು ದಿನ ಅಫಜಲಪುರದಿಂದ ಹೊಳೆಯ ಕಡೆ ಹೋಗುವಾಗ ನನ್ನ ಗಂಟೆ ಮೂರು ಸಲ ಆಯಿತು. ಒಂದಕ್ಕೆ ಅರ್ಥವಿತ್ತು, ಎರಡಕ್ಕೆ ಅರ್ಥವಿತ್ತು, ಮೂರಕ್ಕೆ ಇರಲಿಲ್ಲ. ಹಿಡಿಕೆ ಹಿಡಿದು ಕಾದೆ. ಲಾರಿ ತನ್ನ ಪಾಡಿಗೆ ಓಡುತ್ತಿತ್ತು. ಹೊಳೆಯ ದಂಡೆಯಲ್ಲಿ ನೀರು ಕುಡಿಯಲಿಕ್ಕೆ ಅವರು ಇಳಿದಾಗ ಕೇಳಿದೆ, "ಮೂರು ಯಾಕ್ರಿ?"

"ಏನಿಲ್ಲ. ಸುಮ್ನ. ಇದ್ದೀ ಇಲ್ಲೋ ಅಂತ."

ಅಂದಿನಿಂದ ದಾರಿಯಲ್ಲಿ ಆಗೀಗ ಮೂರು ಆಗುತ್ತಿತ್ತು. ನಾನೂ ಮೂರು ಎಳೆಯುತ್ತಿದ್ದೆ. ಮಾಲಕರು ಮುಂದೆ ಕೂತು, "ಹಗ್ಗ ಸಡಲಾಗ್ಯದ, ಕಟ್ಟಸೋ" ಅನ್ನುತ್ತಿದ್ದರಂತೆ.

ಆಮೇಲೆ ಯುದ್ಧ ಬಂತು. ಎಲ್ಲಿಯೋ ದೂರದ ಯುದ್ಧ, ಆದರೆ ನಮ್ಮ ಪೆಟ್ರೋಲಿಗೆ ರೇಶನ್ ಚೀಟಿ ಬಂತು, ಟಾಯರು ಸಿಗದಾದವು. ಡಬ್ಬಿ ಎಳೆಯುವ ಪರವಾನಗಿ ಮತ್ತೆ ಕೊಡಲಿಲ್ಲ. ಸಿನೆಮಾ ನಿಲ್ಲಿಸಿ ಮಾಲಕರು ಲಾರಿಯನ್ನು ಜೋಳ, ತೊಗರಿ ಸಾಗಿಸಲಿಕ್ಕೆ ಹಚ್ಚಿದರು. ಜೇವರ್ಗಿಯ ಪೇಟೆಯ ಹಿಂದೆ ಒಂದು ಖುಲ್ಲಾ ಜಾಗದಲ್ಲಿ ಡಬ್ಬಿಯ ಗಾಲಿಗಳನ್ನು ಕಳಚಿ ಲಾರಿಗೆ ಹಾಕಿಕೊಂಡರು. ಡಬ್ಬಿಯನ್ನು ಕಲ್ಲುಗಳ ಮೇಲೆ ಕೂರಿಸಿದರು. ಮಾಲಿನ ಲಾರಿಯಲ್ಲಿ ಹೆಣ್ಣುಮಗಳು ಕೂರುವಂತಿರಲಿಲ್ಲ. ನಾನು ಕಲ್ಲಿನ ಮೇಲಿನ ಡಬ್ಬಿಯಲ್ಲಿ ಉಳಿದೆ. ಖಜೂರಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ತವರಿನಲ್ಲಿ ಆಗ ಅವ್ವ ಇರಲಿಲ್ಲ. ಅತ್ತೆ ಆಳಂದಕ್ಕೆ ಕರೆದರು. ಲಾರಿ ಜೇವರ್ಗಿಯ ಮೇಲೆ ಹಾಯುತ್ತದೆ, ಇಲ್ಲೇ ಇರುತ್ತೇನೆ ಎಂದೆ.

ಹಾಯುತ್ತಿತ್ತು. ನಿಲ್ಲುವುದು ಅಪರೂಪ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ರೂಢಿಯಂತೆ ಸ್ಟೂಲಿನ ಮೇಲೆ ಹಿಂಬಾಗಿಲು ತೆರೆದು ಕೂರುತ್ತಿದ್ದೆ. ಪೇಟೆಯ ಹಿಂಗೋಡೆ ಇದ್ದಲ್ಲೇ ಇರುತ್ತಿತ್ತು, ಸಣ್ಣಗಾಗುತ್ತಿರಲಿಲ್ಲ. ಕೆಲವೊಮ್ಮೆ ಹಗ್ಗ ಎಳೆಯುತ್ತಿದ್ದೆ. ಆ ತುದಿಗೆ ಏನೂ ಕಟ್ಟಿರಲಿಲ್ಲವಾದ್ದರಿಂದ ಹಗ್ಗ ಸುಮ್ಮನೆ ಕೈಗೆ ಬರುತ್ತಿತ್ತು, ಮತ್ತೆ ಹೊರಗೆ ತಳ್ಳಿ ಇಡುತ್ತಿದ್ದೆ.

ಒಂದು ಬಿಸಿಲಿನ ದಿನ ಅವರು ಹೊಳೆಯ ಕಡೆಯಿಂದ ನಡೆದುಕೊಂಡು ಬಂದರು. ಅವರನ್ನು ಆ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ಕೈಯಲ್ಲಿ ಟವೆಲಿನ ಗಂಟು. ಲಾರಿಯನ್ನು ಮಾಲಕರು ಸೊಲ್ಲಾಪುರದಲ್ಲಿ ಮಾರಿದರು, ನನಗೆ ಇದೊಂದು ಕೊಡ್ರಿ ಅಂತ ಕೇಳಿದೆ, ಎಂದು ಗಂಟು ಬಿಚ್ಚಿದರು. ಲಾರಿಯ ಮುಂದಿದ್ದ ಗಂಟೆ.

ನೀರು ಕೊಟ್ಟೆ. ಕುಡಿದರು. ಡಬ್ಬಿಯನ್ನು ಅಷ್ಟು ವರುಷ ಎಳೆದವರು ಮೊದಲ ಸಲ ನನ್ನ ಸ್ಟೂಲಿನ ಮೇಲೆ ಕೂತರು, ಹಿಂಬಾಗಿಲಿನ ಕಡೆ ಮುಖ ಮಾಡಿ. ಬಹಳ ಹೊತ್ತು ಹೊರಗೆ ನೋಡಿದರು.

"ಇಲ್ಲಿಂದ ನಿನಗ ಬರೇ ಧೂಳಽ ಕಾಣ್ತಿತ್ತೇನು?"

"ಹೌದ್ರಿ."

ಎದ್ದು ಮೊಳೆ ಹುಡುಕಿ, ಆ ಗಂಟೆಯನ್ನು ನನ್ನ ಗಂಟೆಯ ಪಕ್ಕದಲ್ಲಿ ತೂಗುಹಾಕಿದರು. ಎಂಟು ದಿನವಾದ ಮೇಲೆ ಅವರಿಗೆ ಆಳಂದದಲ್ಲಿ ಬಸ್ಸಿನ ಕೆಲಸ ಸಿಕ್ಕಿತು. ಡಬ್ಬಿಯನ್ನು ಒಬ್ಬ ಚಹಾದವನಿಗೆ ಬಿಟ್ಟು, ಗಂಟೆ ಎರಡೂ ತೆಗೆದುಕೊಂಡು, ನಾವು ಜೇವರ್ಗಿಯಿಂದ ಬಸ್ಸು ಹತ್ತಿದೆವು. ಅವತ್ತು ಬಸ್ಸು ಓಡಿಸಿದವರು ಬೇರೆ ಯಾರೋ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ, ಮುಂದೆ ಮುಖ ಮಾಡಿ ಕೂತೆವು.