ಕಿತ್ತುಹೋದ ಕೊನೆಯ ಅಧ್ಯಾಯ

ಚೇರಂಬಾಡಿ ಟೀ ಫ್ಯಾಕ್ಟರಿಯ ರೋಲರುಗಳ ಗಡಗಡ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಅಲ್ಲಿ ಟೈಪಿಸ್ಟ್ ಆಗಿದ್ದ ನನಗೆ ಬಿಡುವೆಂದರೆ ಟಿಫಿನ್ ಹೊತ್ತು ಮಾತ್ರ. ಆಗ, ಮಂಗಳಗ್ರಹಕ್ಕೆ ಹಾರುವ ಹಡಗಿನ ಹಳೆಯ ಇಂಗ್ಲಿಷ್ ನಾವೆಲ್ ಓದುತ್ತಿದ್ದೆ. ಸಿಂಪ್ಲಿ ಹೆವೆನ್ಲಿ!

“ಕಾನ್ವೆಂಟಲ್ಲಿ ಹಾರೋದನ್ನೂ ಕಲಿಸಿದ್ರಾ ಮಿಸ್ಸಮ್ಮ?” ಎಂದು ಹಲ್ಲು ಕಿರಿಯುತ್ತಿದ್ದ ಹೆಡ್ ಕ್ಲರ್ಕ್, ಒಂದು ದಿನ ಆ ನಾವೆಲಿನ ಕೊನೆಯ ಅಧ್ಯಾಯವನ್ನೇ ಕಿತ್ತು, ಆ ಹಾಳೆಗಳಲ್ಲಿ ಟೀ ಸ್ಯಾಂಪಲ್ ಪೊಟ್ಟಣ ಕಟ್ಟಿ ವ್ಯಾಪಾರಿಗಳಿಗೆ ಕಳಿಸಿಬಿಟ್ಟರು. ಟೀ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆಂದೂ ತಿಳಿಯದ ಮಹಾಜಾಣರು! ಟೀಗೆ ಹಳೇ ಕಾಗದದ ಮುಗ್ಗು ವಾಸನೆಯೆಂದು ದೂರು ಬಂತು, ಪುಟಗಳು ವಾಪಸ್ ಬರಲಿಲ್ಲ. ಉಳಿದ ಪುಸ್ತಕವನ್ನು ಅವರ ಮೇಜಿನ ಮೇಲೆಯೇ ಬಿಸಾಡಿದೆ.

ಅವರನ್ನು ಕೊನೆಯ ಸಲ ಕಂಡದ್ದು, ಅವರು ಕೆಲಸ ಬಿಟ್ಟು ಊರಿಗೆ ಬಸ್ಸು ಹತ್ತಿದ ದಿನ. ಕಿಟಕಿಯಿಂದ ಕತ್ತು ಚಾಚಿ, “ಮಿಸ್ಸಮ್ಮ, ಆ ಹಡಗು ಭೂಮಿಗೆ ವಾಪಸ್ ಬಂತಾ?” ಎಂದರು.

“ನನ್ನನ್ನ ಕೇಳ್ತೀರಾ ಸಾರ್?” ಎಂದೆ. ಬಸ್ಸು ಹೊರಟಿತು.